ನನ್ನನ್ನು ಕರೆಯುವ ಮೊದಲು ಹತ್ತು ನಿಮಿಷ

ರಾತ್ರಿ ಹನ್ನೊಂದರ ಮೇಲೆ ನನಗೆ ಬರುವ ಕರೆಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಇರುತ್ತವೆ. "ಬೇಗ ಬನ್ನಿ, ಮನೆಯೆಲ್ಲ ನೀರು!" ನಾನು ಕೇಳುವುದೂ ಒಂದೇ: "ಮೇನ್ ವಾಲ್ವ್ ತಿರುಗಿಸಿದಿರಾ?" ಆಮೇಲೆ ಆ ಕಡೆ ಮೌನ. ಕೊಳಾಯಿ, ವೈರಿಂಗ್, ಗೀಸರ್, ಎ.ಸಿ. ಈ ನಾಲ್ಕರ ಕೆಲಸವನ್ನೂ ಇಪ್ಪತ್ತೆರಡು ವರ್ಷಗಳಿಂದ ಮಾಡುತ್ತಿರುವ ನನಗೆ ಆ ಮೌನದ ಅರ್ಥ ಗೊತ್ತು. ಇಡೀ ಮನೆಯ ನೀರನ್ನು ನಿಲ್ಲಿಸುವ ಆ ವಾಲ್ವ್ ಎಲ್ಲಿದೆ ಎಂಬುದು ಮನೆಯಲ್ಲಿ ಯಾರಿಗೂ ತಿಳಿದಿಲ್ಲ. ನಾನು ತಲುಪುವ ಹೊತ್ತಿಗೆ ಮಂಚದ ಕಾಲು ಮುಳುಗಿರುತ್ತದೆ. ಕೆಟ್ಟದ್ದು ಮಾತ್ರ ವಾಷ್ ಬೇಸಿನ್ನಿನ ಕೆಳಗಿನ ಒಂದು ಗೇಣುದ್ದದ ಕನೆಕ್ಷನ್ ಪೈಪು.

ಊರಂಚಿನ ಬಡಾವಣೆಯ ಬಿಡಿ ಮನೆಗೆ ಕಾವಲುಗಾರನೂ ಇಲ್ಲ, ಮೇಲ್ವಿಚಾರಕನೂ ಇಲ್ಲ. ಎಲ್ಲವೂ ನೀವೇ. ಆದ್ದರಿಂದ ಒಂದು ಬಿಡುವಿನ ದಿನ ಟಾರ್ಚು ಹಿಡಿದು ವಾಲ್ವ್ ಹುಡುಕಿ. ನೀರಿನ ಮೀಟರಿನ ಪಕ್ಕದಲ್ಲಿ ಒಂದು, ಟ್ಯಾಂಕಿನಿಂದ ಇಳಿಯುವ ಪೈಪಿನಲ್ಲಿ ಇನ್ನೊಂದು ಇರಬಹುದು. ಉದ್ದ ಹಿಡಿಕೆಯದಾದರೆ ಅದು ಬಾಲ್ ವಾಲ್ವ್, ಕಾಲು ಸುತ್ತಿಗೆ ಮುಚ್ಚುತ್ತದೆ. ಚಕ್ರದಂತಿದ್ದರೆ ಗೇಟ್ ವಾಲ್ವ್, ಹಲವು ಸುತ್ತು ಬೇಕು. ಎರಡು ಮೂರು ತಿಂಗಳಿಗೊಮ್ಮೆ ಮುಚ್ಚಿ ತೆರೆಯದಿದ್ದರೆ ಗೇಟ್ ವಾಲ್ವ್ ಬಿಗಿದುಕೊಳ್ಳುತ್ತದೆ. ಬಿಗಿದುಕೊಂಡದ್ದನ್ನು ಸ್ಪ್ಯಾನರ್ ಹಾಕಿ ಜಗ್ಗಬೇಡಿ. ಒಳಗಿನ ಕಡ್ಡಿ ಮುರಿದರೆ ನೀರು ನಿಲ್ಲಿಸಲು ದಾರಿಯೇ ಉಳಿಯುವುದಿಲ್ಲ. ನೀರು ಸ್ವಿಚ್ಚು, ಸಾಕೆಟ್ಟುಗಳತ್ತ ಹರಿಯುತ್ತಿದ್ದರೆ, ಬೋರ್ಡಿನ ಬಳಿ ನೆಲ ಒಣಗಿದ್ದಾಗ ಮಾತ್ರ ಮೇನ್ ಸ್ವಿಚ್ ಆರಿಸಿ. ನೀರಿನಲ್ಲಿ ನಿಂತು ಅದನ್ನು ಮುಟ್ಟಬೇಡಿ.

ಎಲ್ಲಿಯೂ ಒದ್ದೆ ಕಾಣದಿದ್ದರೂ ನೀರು ಸೋರುತ್ತಿರಬಹುದು. ಎಲ್ಲ ನಲ್ಲಿ ಮುಚ್ಚಿ, ಮೀಟರಿನ ಅಂಕಿ ಬರೆದಿಟ್ಟು, ಒಂದು ಗಂಟೆ ಬಿಟ್ಟು ನೋಡಿ. ಅಂಕಿ ಏರಿದ್ದರೆ ಮೊದಲು ಸಂಶಯಪಡಬೇಕಾದದ್ದು ಫ್ಲಶ್ ಟ್ಯಾಂಕನ್ನು. ಅದರಲ್ಲಿ ನಾಲ್ಕು ಹನಿ ಬಣ್ಣ ಹಾಕಿ ಅರ್ಧ ಗಂಟೆ ಯಾರೂ ಫ್ಲಶ್ ಮಾಡದಂತೆ ನೋಡಿಕೊಳ್ಳಿ. ಕಮೋಡಿನಲ್ಲಿ ಬಣ್ಣ ಇಳಿದಿದ್ದರೆ ಒಳಗಿನ ರಬ್ಬರು ಸವೆದಿದೆ. ಅದನ್ನು ನೀವೇ ಬದಲಿಸಬಹುದು, ನನಗೆ ಬೇಸರವಿಲ್ಲ.

ಈಗ ಕರೆಂಟಿನ ಬೋರ್ಡು. ಅದರಲ್ಲಿ ತಾನೇ ಕೆಳಗೆ ಬಿದ್ದು ಕರೆಂಟು ಕಡಿಯುವ ಎರಡು ಬಗೆಯ ಸ್ವಿಚ್ಚುಗಳಿರುತ್ತವೆ: ಎಂಸಿಬಿ ಇರುವುದು ತಂತಿಯನ್ನು ಕಾಯಲು, ಆರ್‌ಸಿಸಿಬಿ ಇರುವುದು ನಿಮ್ಮನ್ನು ಕಾಯಲು. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನದು. ಹೋದ ಕರೆಂಟಿಗೂ ಹಿಂದಿರುಗಿದ ಕರೆಂಟಿಗೂ ಅಷ್ಟು ವ್ಯತ್ಯಾಸ ಬಂದರೆ ಸಾಕು, ಅದು ಕೆಳಗೆ ಬೀಳುತ್ತದೆ. ಅದರ ಮೇಲಿನ ಪುಟ್ಟ 'ಟೆಸ್ಟ್' ಗುಂಡಿಯನ್ನು ಮೂರು ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಅದು ಬರೀ ಅಲಂಕಾರ, ಆ ವಾರವೇ ಬದಲಿಸಿ.

ಆರ್‌ಸಿಸಿಬಿ ಪದೇ ಪದೇ ಬೀಳುತ್ತಿದ್ದರೆ ಎಲ್ಲ ಎಂಸಿಬಿಗಳನ್ನೂ ಇಳಿಸಿ, ಮೊದಲು ಆರ್‌ಸಿಸಿಬಿ ಏರಿಸಿ. ಆಮೇಲೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಬನ್ನಿ. ಯಾವುದನ್ನು ಏರಿಸಿದಾಗ ಬಿತ್ತೋ ಆ ಸಾಲಿನಲ್ಲಿ, ಅಂದರೆ ಆ ಎಂಸಿಬಿಯಿಂದ ಹೊರಡುವ ವೈರಿಂಗಿನಲ್ಲಿ, ದೋಷವಿದೆ. ಆ ಸಾಲಿನ ಪ್ಲಗ್‌ಗಳನ್ನೆಲ್ಲ ಕಿತ್ತು ಮತ್ತೆ ಏರಿಸಿ. ಈಗ ಬೀಳದೆ ನಿಂತರೆ ಕೆಟ್ಟದ್ದು ತಂತಿಯಲ್ಲ, ಪ್ಲಗ್ಗಿಗೆ ಹಾಕಿದ್ದ ಯಾವುದೋ ಉಪಕರಣ. ಎಂಸಿಬಿಗಳೆಲ್ಲ ಇಳಿದಿದ್ದರೂ ಆರ್‌ಸಿಸಿಬಿ ನಿಲ್ಲುವುದಿಲ್ಲ ಎಂದಾದರೆ ಕರೆಂಟು ಹಿಂದಿರುಗುವ ನ್ಯೂಟ್ರಲ್ ತಂತಿ ಎಲ್ಲೋ ಅರ್ಥ್‌ಗೆ ತಾಗಿರಬಹುದು. ಅಲ್ಲಿಗೆ ನಿಲ್ಲಿಸಿ ಕರೆ ಮಾಡಿ.

ಒಬ್ಬರು ನನ್ನನ್ನು ಬಹಳ ಒತ್ತಾಯಿಸಿದ್ದರು: 16 ಆಂಪಿಯರ್‌ನ ಎಂಸಿಬಿ ಬೀಳುತ್ತಲೇ ಇದೆ, ಹೆಚ್ಚು ಕರೆಂಟು ಬಿಡುವ 32ರದು ಹಾಕಿಬಿಡಿ ಎಂದು. ನಾನು ಹಾಕಲಿಲ್ಲ, ಬೇರೆ ಯಾರೋ ಹಾಕಿಕೊಟ್ಟರು. ಮುಂದಿನ ಚಳಿಗಾಲದಲ್ಲಿ ಹೀಟರಿನ ಸಾಕೆಟ್ಟು ಕರಕಲಾದಾಗ ಮತ್ತೆ ನನಗೇ ಕರೆ ಬಂತು. ಗೋಡೆಯೊಳಗಿನ ತಂತಿಯ ಹೊದಿಕೆ ಮೊಳದುದ್ದ ಕರಗಿತ್ತು. ಎಂಸಿಬಿ ದೊಡ್ಡದಾದ ಮಾತ್ರಕ್ಕೆ ತಂತಿ ದಪ್ಪವಾಗುವುದಿಲ್ಲವಲ್ಲ! ಸ್ವಿಚ್ಚು ಬಿಸಿಯಾಗುತ್ತಿದ್ದರೆ, ಪ್ಲಗ್ಗಿನ ಸುತ್ತ ಕಂದು ಬಣ್ಣ ತಿರುಗಿದ್ದರೆ, ಮೀನು ಕೊಳೆತಂಥ ವಾಸನೆ ಬಂದರೆ ಆ ಸಾಲನ್ನು ಆರಿಸಿ, ಬಳಸುವುದನ್ನು ನಿಲ್ಲಿಸಿ.

ಗೀಸರಿನ ಬಗ್ಗೆ ಬರುವ ದೂರು ಎರಡೇ: ನೀರು ಕಾಯುತ್ತಿಲ್ಲ, ತೊಟ್ಟಿಕ್ಕುತ್ತಿದೆ. ಮೊದಲನೆಯದಕ್ಕೆ ಸಣ್ಣ ಲೆಕ್ಕ. 15 ಲೀಟರ್ ನೀರನ್ನು 35 ಡಿಗ್ರಿಯಷ್ಟು ಹೆಚ್ಚು ಬಿಸಿ ಮಾಡಲು 2 ಕಿಲೋವಾಟ್‌ನ ಗೀಸರಿಗೆ ಸುಮಾರು 18 ನಿಮಿಷ ಬೇಕು. ಐದು ನಿಮಿಷಕ್ಕೇ ನಲ್ಲಿ ತಿರುಗಿಸಿ ಗೀಸರನ್ನು ಬೈದರೆ ನಾನೇನು ಮಾಡಲಿ? ಮುಕ್ಕಾಲು ಗಂಟೆಯಾದರೂ ಉಗುರುಬೆಚ್ಚಗೇ ಇದ್ದರೆ ಬಿಸಿಯ ಮಟ್ಟ ನೋಡಿಕೊಳ್ಳುವ ಥರ್ಮೋಸ್ಟಾಟೋ ನೀರು ಕಾಯಿಸುವ ಕಾಯಿಲ್ಲೋ ಕೆಟ್ಟಿದೆ. ಕಾಯುವಾಗ ಗುಳುಗುಳು, ಪಟಪಟ ಸದ್ದು ಬಂದರೆ ಗಡಸು ನೀರಿನ ಸುಣ್ಣ ಕಾಯಿಲ್ಲಿಗೆ ಕಟ್ಟಿದೆ ಎಂದರ್ಥ. ತೊಳೆಯಲು ಬಿಚ್ಚಿದಾಗ ಒಳಗಿನ ಆನೋಡ್ ರಾಡನ್ನು ತೋರಿಸಿ ಎಂದು ಕೇಳಿ. ಟ್ಯಾಂಕಿನ ಬದಲು ತಾನು ಸವೆಯಲೆಂದೇ ಇಟ್ಟಿರುವ ಲೋಹದ ಕಡ್ಡಿ ಅದು. ತೆಳ್ಳಗಾಗಿದ್ದರೆ ಬದಲಿಸಿ.

ತೊಟ್ಟಿಕ್ಕುವುದು ಯಾವಾಗಲೂ ರೋಗವಲ್ಲ. ನೀರು 20ರಿಂದ 60 ಡಿಗ್ರಿಗೆ ಏರಿದಾಗ ಶೇಕಡಾ 1.5ರಷ್ಟು ಹಿಗ್ಗುತ್ತದೆ. 25 ಲೀಟರಿನ ಗೀಸರಿನಲ್ಲಿ ಅದು ಸುಮಾರು 375 ಮಿಲಿಲೀಟರ್. ಬಂದ ದಾರಿಯಲ್ಲಿ ಹಿಂದಿರುಗಲು ಒನ್ ವೇ ವಾಲ್ವ್ ಬಿಡದಿದ್ದಾಗ ಅದು ಒತ್ತಡ ಹೆಚ್ಚಿದಾಗ ತೆರೆಯುವ ಸೇಫ್ಟಿ ವಾಲ್ವಿನಿಂದ ಹನಿಹನಿಯಾಗಿ ಹೊರಬರುತ್ತದೆ. ಸ್ವಿಚ್ ಆರಿಸಿದ ಮೇಲೂ ನಿಲ್ಲದಿದ್ದರೆ ಮಾತ್ರ ಕರೆಯಿರಿ. ಹನಿ ನಿಲ್ಲಲೆಂದು ಆ ವಾಲ್ವಿಗೆ ಬಿರಡೆ ಜಡಿದ ಮನೆಯೊಂದನ್ನು ಕಂಡಿದ್ದೇನೆ. ಬಿರಡೆ ತೆಗೆಯುವ ತನಕ ನನ್ನ ಕೈ ನಡುಗುತ್ತಿತ್ತು.

ಎ.ಸಿ.ಗೆ ಬರೋಣ. ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದು ನೆರಳಿನಲ್ಲಿ ಒಣಗಿಸಿ ಹಾಕಿ. ಒಳಗಿನ ಯೂನಿಟ್ಟಿನಿಂದ ಗೋಡೆಗೆ ನೀರಿಳಿದರೆ ಬಹುಪಾಲು ಡ್ರೈನ್ ಪೈಪಿನಲ್ಲಿ ಪಾಚಿ ಕಟ್ಟಿರುತ್ತದೆ. ಆ ಯೂನಿಟ್ಟಿನೊಳಗೆ ಗಾಳಿಯನ್ನು ತಂಪಾಗಿಸುವ ಕಾಯಿಲ್ಲಿನ ಮೇಲೆ ಮಂಜುಗಡ್ಡೆ ಕಂಡರೆ ಕೂಲಿಂಗ್ ನಿಲ್ಲಿಸಿ ಫ್ಯಾನ್ ಮಾತ್ರ ಓಡಿಸಿ, ಕರಗಲಿ. ಗಾಳಿ ಸಾಲದಿದ್ದರೂ ಗ್ಯಾಸ್ ಕಡಿಮೆಯಾದರೂ ಹೀಗಾಗುತ್ತದೆ. ಒಂದು ಮಾತು ನನ್ನ ಕಸುಬಿನವರಿಗೆ ರುಚಿಸಲಿಕ್ಕಿಲ್ಲ: ಎ.ಸಿ.ಯ ಗ್ಯಾಸು ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ. ಪ್ರತಿ ಬೇಸಿಗೆಯಲ್ಲೂ ಬಂದು ತುಂಬಿಸಿ ಹೋಗುವವನನ್ನು "ಸೋರಿದ್ದು ಎಲ್ಲಿ?" ಎಂದು ಕೇಳಿ.

ಇಷ್ಟಾದ ಮೇಲೂ ಕರೆಯಬೇಕಾಯಿತೇ? "ಗೀಸರ್ ಕೆಟ್ಟಿದೆ" ಎನ್ನುವ ಬದಲು ಅದರ ಮೈಮೇಲಿನ ವಿವರಪಟ್ಟಿಯ ಫೋಟೋ ಕಳಿಸಿ. ಯಾವಾಗಿನಿಂದ, ಯಾವ ಹೊತ್ತಿನಲ್ಲಿ, ಏನು ಚಾಲೂ ಇದ್ದಾಗ ಹಾಗಾಯಿತು ಎಂದು ತಿಳಿಸಿ. ಸರಿಯಾದ ಬಿಡಿಭಾಗ ಚೀಲದಲ್ಲಿದ್ದರೆ ನಾನು ಎರಡನೆಯ ಸಲ ಬರುವುದು ತಪ್ಪುತ್ತದೆ. ಕೆಲಸ ಮುಗಿದಾಗ ತೆಗೆದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. ಕೊಳಾಯಿ ಕೆಲಸವಾಗಿದ್ದರೆ ಜೋಡಣೆಯ ಕೆಳಗೆ ಒಂದು ಹಾಳೆ ಒಣ ಕಾಗದ ಹಾಸಿ ಹದಿನೈದು ನಿಮಿಷ ಕಾಯಿರಿ. ಅದು ಒಣಗಿಯೇ ಇದೆ ಎಂದು ಇಬ್ಬರೂ ನೋಡುವ ತನಕ ನಾನು ಗೇಟು ದಾಟಬಾರದು.