ಮಕ್ಕಳ ಐಸಿಯು ತಜ್ಞರಾಗುವುದು ಹೇಗೆ? ಎಂಡಿಯ ಮೂರು ವರ್ಷ ಕೈಜಾರದಿರಲಿ

ಮಕ್ಕಳ ತೀವ್ರ ನಿಗಾ ತಜ್ಞರಾಗಬೇಕು ಅಂತ ಬರುವ ಯುವ ವೈದ್ಯರು ನನ್ನನ್ನು ಮೊದಲು ಕೇಳುವುದು, 'ನೀಟ್ ಎಸ್ಎಸ್‌ಗೆ ಯಾವ ಆ್ಯಪ್ ಒಳ್ಳೇದು?' ಅಂತ. ಎಂಡಿ ಮುಗಿಸಿ ಸೂಪರ್ ಸ್ಪೆಷಾಲಿಟಿಗೆ ಸೇರಲು ಬರೆಯುವ ಪರೀಕ್ಷೆ ಅದು. ಆ್ಯಪ್ ಓದಿ ಸೀಟು ಪಡೆದವರು ಮೊದಲ ರಾತ್ರಿ ಡ್ಯೂಟಿಯಲ್ಲಿ ಏದುಸಿರು ಬಿಡುವ ಮಗುವಿನ ಮುಂದೆ ಏನೂ ತೋಚದೆ ನಿಂತಿದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಈ ಲೇಖನ.

ಮೊದಲ ಹಂತ ಎಲ್ಲರಿಗೂ ಗೊತ್ತಿರುವುದೇ. ಪಿಯುಸಿ ವಿಜ್ಞಾನ, ನೀಟ್, ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್.

ಎರಡನೇ ಹಂತ, ನೀಟ್ ಪಿಜಿ ಬರೆದು ಮಕ್ಕಳ ವಿಭಾಗದಲ್ಲಿ ಮೂರು ವರ್ಷದ ಎಂಡಿ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ. ಎರಡು ವರ್ಷದ ಮಕ್ಕಳ ಆರೋಗ್ಯದ ಡಿಪ್ಲೊಮಾ (ಡಿಸಿಎಚ್) ಒಂದನ್ನೇ ನಂಬಿಕೊಂಡರೆ ಮುಂದಿನ ಸೂಪರ್ ಸ್ಪೆಷಾಲಿಟಿ ಸಿಗುವುದಿಲ್ಲ. ಕಟ್ಟಡ ಚೆನ್ನಾಗಿದೆ ಅಂತ ಸೀಟು ಆರಿಸಬೇಡಿ. ರಾತ್ರಿಯಿಡೀ ಮಕ್ಕಳು ಬಂದು ದಾಖಲಾಗುವ, ಗಿಜಿಗುಡುವ ಸರ್ಕಾರಿ ಆಸ್ಪತ್ರೆಯನ್ನೇ ಆರಿಸಿ.

ಎಡವುವುದು ಇಲ್ಲೇ. ಎರಡನೇ ವರ್ಷದಿಂದಲೇ ಎಲ್ಲರೂ ಮೊಬೈಲಿನಲ್ಲಿ ಎಂಸಿಕ್ಯೂ, ಅಂದರೆ ಸರಿಯುತ್ತರ ಆರಿಸುವ ಪ್ರಶ್ನೆಗಳನ್ನು, ಹಿಡಿದು ಕೂರುತ್ತಾರೆ. ವಾರ್ಡ್ ಮಾತ್ರ ಕಲಿಸಬಲ್ಲದ್ದು ಕೈತಪ್ಪುತ್ತದೆ.

ಉಸಿರಿನಿಂದ ಶುರು ಮಾಡಿ. ಮಗು ಅಮ್ಮನ ಮಡಿಲಲ್ಲೇ ಇರಲಿ, ಸ್ಟೆತಾಸ್ಕೋಪ್ ಜೇಬಲ್ಲೇ ಇರಲಿ. ಅಂಗಿ ಮೇಲೆತ್ತಿ, ಹೊಟ್ಟೆ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಚಿಕ್ಕ ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಮುಟ್ಟಿದರೆ ಅದು ಜೋರು ಉಸಿರು. ಪಕ್ಕೆ ಒಳಗೆ ಎಳೆಯುತ್ತಿದೆಯಾ, ಉಸಿರು ಬಿಡುವಾಗ ನರಳುತ್ತಿದೆಯಾ ನೋಡಿ. ಮಾನಿಟರ್ ಕಡೆ ಆಮೇಲೆ ತಿರುಗಿ.

ಇನ್ನೊಂದು, ಬಿಪಿ. ಮಕ್ಕಳಲ್ಲಿ ಬಿಪಿ ಬೀಳುವುದು ಕಟ್ಟಕಡೆಗೆ. ನಾನು ಕೆಲಸ ಮಾಡುತ್ತಿದ್ದ ಒಂದು ಆಸ್ಪತ್ರೆಗೆ ಮಳೆಗಾಲದಲ್ಲಿ ಡೆಂಗಿ ಆದ ಏಳು ವರ್ಷದ ಹುಡುಗಿ ಬಂದಿದ್ದಳು. ಐದನೇ ದಿನ ಜ್ವರ ಬಿಟ್ಟಿತ್ತು. ಮಾತಾಡುತ್ತಿದ್ದಳು, ಬಿಸ್ಕತ್ತು ಬೇಕು ಅಂತಿದ್ದಳು. ಬಿಪಿ 100/84. ಕೇಸ್ ಶೀಟಿನಲ್ಲಿ 'ಬಿಪಿ ನಾರ್ಮಲ್' ಅಂತ ಬರೆದಾಗಿತ್ತು. ನರ್ಸ್ ಒಬ್ಬರು ಹೊದಿಕೆ ಸರಿಸಿ ಪಾದ ಮುಟ್ಟಿದರು. ತಣ್ಣಗಿತ್ತು. ಬೆರಳಿಗೆ ಐದು ಸೆಕೆಂಡ್ ಒತ್ತಿ ಬಿಟ್ಟರೆ ಬಣ್ಣ ವಾಪಸ್ ಬರಲು ನಾಲ್ಕು ಸೆಕೆಂಡ್ ಹಿಡಿಯಿತು. ಎರಡರೊಳಗೆ ಬರಬೇಕು. ಮೇಲಿನ, ಕೆಳಗಿನ ಬಿಪಿ ಅಂತರ ಬರೀ 16. ಡೆಂಗಿಯಲ್ಲಿ ಅದು 20 ಅಥವಾ ಅದಕ್ಕಿಂತ ಕಡಿಮೆ ಆದರೆ ಶಾಕ್, ಅಂದರೆ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪುತ್ತಿಲ್ಲ ಅಂತಲೇ ಲೆಕ್ಕ. ತಕ್ಷಣ ಡ್ರಿಪ್ ಹಾಕಿದೆವು, ಗಂಟೆಗಂಟೆಗೂ ನೋಡಿ ಇಳಿಸುತ್ತಾ ಬಂದೆವು. ಹೆಚ್ಚು ಸುರಿದಿದ್ದರೆ ಶ್ವಾಸಕೋಶಕ್ಕೆ ನೀರು ಸೇರುತ್ತಿತ್ತು. ಹುಡುಗಿ ನಡೆದುಕೊಂಡೇ ಮನೆಗೆ ಹೋದಳು.

ಮೂರನೆಯದು ಔಷಧಿ ಲೆಕ್ಕ. ಎಂಟು ಕೆಜಿ ಮಗುವಿನ ಹೃದಯ ನಿಂತಿದೆ ಅಂದುಕೊಳ್ಳಿ. ನಮ್ಮಲ್ಲಿ ಸಿಗುವ ಅಡ್ರಿನಲಿನ್ ಆಂಪೂಲ್‌ನಲ್ಲಿ ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ ಇರುತ್ತದೆ. ಅದಕ್ಕೆ ಒಂಬತ್ತು ಎಂಎಲ್ ಸಲೈನ್ ಸೇರಿಸಿ ಹತ್ತು ಮಾಡಿ. ಈಗ ಕೆಜಿಗೆ 0.1 ಎಂಎಲ್‌ನಂತೆ ರಕ್ತನಾಳಕ್ಕೆ 0.8 ಎಂಎಲ್. ಬೆರೆಸುವುದನ್ನು ಮರೆತು ಅದೇ 0.8 ಕೊಟ್ಟರೆ ಡೋಸ್ ಹತ್ತು ಪಟ್ಟು ಆಗುತ್ತದೆ. ಡೋಸ್ ಆ್ಯಪ್ ಇದೆಯಲ್ವಾ ಅನ್ನುತ್ತಾರೆ. ಸಿರಿಂಜಿಗೆ ಏನು ತುಂಬಿದ್ದೀರಿ ಅಂತ ಆ್ಯಪ್‌ಗೆ ಗೊತ್ತಾಗುವುದಿಲ್ಲ. ಬಾಯಲ್ಲಿ ಜೋರಾಗಿ ಹೇಳಿ, ನರ್ಸ್ ಹತ್ತಿರ ತಿರುಗಿ ಹೇಳಿಸಿ, ಆಮೇಲೆ ಕೊಡಿ.

ಉಸಿರು, ಹೃದಯ ನಿಂತ ಮಗುವನ್ನು ಉಳಿಸಲು ಕಲಿಸುವ ಪಾಲ್ಸ್ ತರಬೇತಿಯನ್ನು ಎಂಡಿ ಮೊದಲ ವರ್ಷದಲ್ಲೇ ಮುಗಿಸಿ. ಸರ್ಟಿಫಿಕೇಟ್ ಎರಡು ವರ್ಷ ನಡೆಯುತ್ತದೆ. ಗೊಂಬೆಯ ಎದೆ ಒತ್ತಿಸದೆ, ಬರೀ ವಿಡಿಯೊ ತೋರಿಸಿ ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ಕೊಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಮೂರನೇ ಹಂತ ಪ್ರವೇಶ ಪರೀಕ್ಷೆ. ನೀಟ್ ಎಸ್ಎಸ್‌ನಲ್ಲಿ 150 ಪ್ರಶ್ನೆ, ಎರಡೂವರೆ ಗಂಟೆ, ತಪ್ಪು ಉತ್ತರಕ್ಕೆ ಒಂದು ಅಂಕ ಕಡಿತ. ಏಮ್ಸ್, ಚಂಡೀಗಢದ ಪಿಜಿಐ, ಜಿಪ್ಮರ್‌ನಂಥ ಸಂಸ್ಥೆಗಳಿಗೆ ಐಎನ್‌ಐ ಎಸ್ಎಸ್ ಎಂಬ ಬೇರೆ ಪರೀಕ್ಷೆ, ಅದು ವರ್ಷಕ್ಕೆ ಎರಡು ಸಲ. ಎಂಡಿಯನ್ನು ನೆಟ್ಟಗೆ ಮಾಡಿದವರಿಗೆ ಆರೇಳು ತಿಂಗಳ ಓದು ಸಾಕು.

ಸೀಟು ಅಂದರೆ ಮಕ್ಕಳ ತೀವ್ರ ನಿಗಾದ ಸೂಪರ್ ಸ್ಪೆಷಾಲಿಟಿ ಪದವಿ, ಡಿಎಂ ಅಥವಾ ಡಿಆರ್‌ಎನ್‌ಬಿ, ಎರಡೂ ಮೂರು ವರ್ಷ. ಒಂದು ವರ್ಷದ ಐಡಿಪಿಸಿಸಿಎಂ ಡಿಪ್ಲೊಮಾ ಕೂಡ ಇದೆ. ಕಲಿಯಲು ಒಳ್ಳೆಯ ದಾರಿ, ಸೀಟು ಸಿಗದ ವರ್ಷ ಸುಮ್ನೆ ಮನೆಯಲ್ಲಿ ಕೂರುವ ಬದಲು ಖಂಡಿತ ಸೇರಿ. ಆದರೆ ಅದು ಡಿಎಂಗೆ ಸಮ ಅಲ್ಲ. ಖಾಸಗಿ ಆಸ್ಪತ್ರೆಗಳು ತಾವೇ ಹೆಸರಿಟ್ಟು ಕೊಡುವ 'ಫೆಲೋಶಿಪ್'ಗಳ ಬಗ್ಗೆ ಮಾತ್ರ ಜಾಸ್ತಿ ಎಚ್ಚರ ಬೇಕು. ಯಾವ ಸಂಸ್ಥೆ ಮಾನ್ಯ ಮಾಡಿದೆ ಅಂತ ಲಿಖಿತವಾಗಿ ಕೇಳಿ. ಉತ್ತರ ತಡವರಿಸಿದರೆ ಅಲ್ಲಿ ನಿಮ್ಮಿಂದ ಬೇಕಾಗಿರುವುದು ಅಗ್ಗದ ರಾತ್ರಿ ಡ್ಯೂಟಿ ಅಷ್ಟೇ.

ನಾಲ್ಕನೇ ಹಂತದ ಮೂರು ವರ್ಷದಲ್ಲಿ ವೆಂಟಿಲೇಟರ್, ಡಯಾಲಿಸಿಸ್, ಅಲ್ಟ್ರಾಸೌಂಡ್ ಎಲ್ಲ ಕಲಿಸುತ್ತಾರೆ. ನೀವಾಗಿ ಅಭ್ಯಾಸ ಮಾಡಿಕೊಳ್ಳಬೇಕಾದದ್ದು ಶ್ವಾಸನಾಳಕ್ಕೆ ಹಾಕಿದ ಟ್ಯೂಬ್ ಕಾಯುವುದು. ನಾಲ್ಕು ವರ್ಷದ ಮಗುವಿಗೆ ಕಫ್ (ಸುತ್ತ ಉಬ್ಬುವ ಪುಟ್ಟ ಬಲೂನು) ಇರುವ ಟ್ಯೂಬ್ ಸುಮಾರು 4.5 ಸೈಜು, ತುಟಿಯ ಹತ್ತಿರ ಹದಿಮೂರೂವರೆ ಸೆಂಟಿಮೀಟರ್ ಗುರುತು. ಹಾಕಿದ ಮೇಲೂ ಅದು ನಿಂತಲ್ಲಿ ನಿಲ್ಲುವುದಿಲ್ಲ. ಗದ್ದ ಎದೆಗೆ ಬಾಗಿದರೆ ಒಳಗೆ ಇಳಿಯುತ್ತದೆ, ಕತ್ತು ಹಿಂದಕ್ಕೆ ಹೋದರೆ ಮೇಲೆ ಬರುತ್ತದೆ. ಹಾಸಿಗೆ ಬದಲಿಸುವಾಗ, ಎಕ್ಸ್‌ರೇಗೆ ಎತ್ತುವಾಗ ಟ್ಯೂಬ್ ನಿಮ್ಮ ಬೆರಳಲ್ಲೇ ಇರಲಿ. ಇದ್ದಕ್ಕಿದ್ದಂತೆ ಆಮ್ಲಜನಕ ಇಳಿದರೆ ಮೆಷಿನ್ ತಿರುವುತ್ತಾ ನಿಲ್ಲಬೇಡಿ. ಮಗುವನ್ನು ಮೆಷಿನ್ನಿಂದ ಬಿಡಿಸಿ, ಕೈಯಲ್ಲಿ ಒತ್ತುವ ಬ್ಯಾಗ್‌ನಿಂದ ಉಸಿರು ಕೊಡಿ. ಟ್ಯೂಬ್ ಜಾರಿದೆಯಾ, ಕಟ್ಟಿದೆಯಾ, ಎದೆಗೂಡಿನಲ್ಲಿ ಗಾಳಿ ತುಂಬಿದೆಯಾ, ಮೆಷಿನ್ ಕೆಟ್ಟಿದೆಯಾ, ಇದೇ ಸಾಲಿನಲ್ಲಿ ನೋಡಿ.

ಡಿಗ್ರಿ ಬಂದ ಮೇಲೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆ ಅಂತ ನೋಂದಾಯಿಸಿ. ಮುಂದೂಡಬೇಡಿ.

ಮೊದಲ ಕೆಲಸಕ್ಕೆ ಸಹಿ ಹಾಕುವ ಮುಂಚೆ ರಾತ್ರಿ ಎರಡು ಗಂಟೆಗೆ ಆ ಐಸಿಯುಗೆ ಒಮ್ಮೆ ಹೋಗಿ ಬನ್ನಿ. ವೆಂಟಿಲೇಟರ್ ಮೇಲಿರುವ ಪ್ರತಿ ಮಗುವಿನ ಪಕ್ಕ ಒಬ್ಬ ನರ್ಸ್ ಇದ್ದಾರಾ, ಎಣಿಸಿ. ಮೂರು ಮಕ್ಕಳಿಗೆ ಒಬ್ಬರು ಓಡಾಡುತ್ತಿದ್ದರೆ ಸಂಬಳ ಎಷ್ಟೇ ಇರಲಿ, ಆ ಕೆಲಸ ಬೇಡ.