ನೀರು ಹೊಡೆಯದೆ ಓದಿದ ಎಂಜಿನ್

ಮೂಡಿಗೆರೆ ಕಡೆಯ ತೋಟವೊಂದರ ಷೆಡ್ಡಿನಲ್ಲಿ ಆರೇಳು ವರ್ಷ ನಿಂತಿದ್ದ 1994ರ ಟಾಟಾ 407 ಲಾರಿಯನ್ನು 95 ಸಾವಿರಕ್ಕೆ ತಂದಾಗ, ಚಿಕ್ಕಮಗಳೂರಿನ ನನ್ನ ಗ್ಯಾರೇಜಿಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಈ ಎಂಜಿನ್ ಇಳಿಸಿ ಗುಜರಿಗೆ ಹಾಕಿ, ಬೇರೆಯದು ಕೂರಿಸಿ.” ಬೇರೆಯದಕ್ಕೆ ಆಗ 80 ಸಾವಿರ ಕೇಳುತ್ತಿದ್ದರು. ನನ್ನ ಎಂಜಿನ್ ಕೆಟ್ಟಿರಲಿಲ್ಲ, ಕೈಯಲ್ಲಿ ತಿರುಗಿಸಿದರೆ ಕಂಪ್ರೆಷನ್ ಎದುರು ಒದೆಯುತ್ತಿತ್ತು. ಆದರೆ ಹೊರಗಿನ ಅರ್ಧ ಸಾಮಾನು ಮಾಯವಾಗಿತ್ತು. ಇದ್ದದ್ದರಲ್ಲಿ ಕೆಲವು ಆ ಗಾಡಿಯವೇ ಅಲ್ಲ. ಜೊತೆಗೆ ಒಂದು ಗೋಣಿಚೀಲದ ತುಂಬ ಬೋಲ್ಟು, ಪೈಪು, ಬ್ರಾಕೆಟ್ಟು. ಏನಿಲ್ಲ ಎಂಬುದೇ ತಿಳಿಯದಿದ್ದರೆ ಅಂಗಡಿಯಲ್ಲಿ ನಿಂತು ಏನೆಂದು ಕೇಳುವುದು? ಅದೇ ಎಂಜಿನ್ ಈಗ ನಾಲ್ಕು ತಿಂಗಳಿಂದ ತೋಟದಿಂದ ಕಾಫಿ ಮೂಟೆ ಹೊತ್ತು ಕ್ಯೂರಿಂಗ್ ವರ್ಕ್ಸ್‌ಗೆ ಓಡಾಡುತ್ತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಇಂಥ ಗಾಡಿ ಬಂದ ದಿನ ನಾನು ನೀರು ಹೊಡೆಯಲು ಬಿಡುವುದಿಲ್ಲ. ಇದನ್ನು ಕಲಿಯಲು ದುಡ್ಡು ತೆತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಆಲೂರಿನಿಂದ ತಂದ ಲಾರಿಗೆ ಮೊದಲ ದಿನವೇ ಡೀಸೆಲ್ ಹಾಕಿ ಉಜ್ಜಿ, ಪ್ರೆಷರ್ ಪಂಪಿನಿಂದ ತೊಳೆದು ಬೆಳ್ಳಿಯಂತೆ ಮಾಡಿದೆ. ಆಮೇಲೆ ನೋಡಿದರೆ ಎಲ್ಲ ತೂತುಗಳೂ ಒಂದೇ ಥರ. ಯಾವುದರಲ್ಲಿ ಬೋಲ್ಟು ಇತ್ತು, ಯಾವುದು ಕಾರ್ಖಾನೆಯಿಂದಲೇ ಖಾಲಿ ಬಂದದ್ದು ಎಂದು ಹೇಳುವ ಗುರುತೊಂದೂ ಉಳಿದಿರಲಿಲ್ಲ. ಆ ಲಾರಿಯಲ್ಲಿ ಹದಿನೈದು ಸಾವಿರ ಕಳೆದುಕೊಂಡೆ.

ಕೊಳೆಯಲ್ಲಿ ಎಲ್ಲವೂ ಬರೆದಿರುತ್ತದೆ. ಭಾಗವೊಂದು ಹಲವು ವರ್ಷ ಕೂತಿದ್ದ ಜಾಗದಲ್ಲಿ ಪ್ಯಾಕಿಂಗಿನ, ಅಂದರೆ ನಡುವೆ ಸೋರದಂತೆ ಹಾಕುವ ತೆಳು ಹಾಳೆಯ ಗೆರೆ ಉಳಿಯುತ್ತದೆ, ಅದರ ಒಳಗೆ ಲೋಹ ಹೊಳೆಯುತ್ತದೆ, ಹೊರಗೆ ಜಿಡ್ಡು ಕಟ್ಟಿರುತ್ತದೆ. ಬೋಲ್ಟು ಕಂಡ ತೂತಿನ ಮರೆ (ಒಳಗಿನ ಸುರುಳಿ ಗೆರೆ) ಹೊಳಪಾಗಿರುತ್ತದೆ, ಕಾಣದ್ದರಲ್ಲಿ ಬಣ್ಣ ಅಥವಾ ತುಕ್ಕು ತುಂಬಿರುತ್ತದೆ. ತೂತಿನ ಸುತ್ತ ಕಪ್ಪು ಜಿಡ್ಡಿದ್ದರೆ ಅಲ್ಲಿ ಆಯಿಲ್ ಓಡುತ್ತಿತ್ತು. ಬಿಳಿ ಅಥವಾ ಕೆಂಪು ಕಲೆ ಇದ್ದರೆ ನೀರು. ಎರಡೂ ಇಲ್ಲವೆಂದರೆ ಅದು ಬರೀ ಹಿಡಿಕೆಯ ಜಾಗ.

ಇಷ್ಟನ್ನು ನೋಡಿದ ಮೇಲೆ ರಟ್ಟು ತೆಗೆಯುತ್ತೇನೆ. ಪ್ಯಾಕಿಂಗ್ ಕತ್ತರಿಸಲು ಸುತ್ತಿಗೆಯಲ್ಲಿ ತಟ್ಟುವುದು ನಮಗೆಲ್ಲ ಗೊತ್ತು. ನಾನು ಅದನ್ನೇ ಇಲ್ಲದ ಭಾಗಕ್ಕೆ ಮಾಡುತ್ತೇನೆ. ಖಾಲಿ ಜಾಗಕ್ಕೆ ರಟ್ಟು ಒತ್ತಿ, ತೂತು ಮತ್ತು ಪ್ಯಾಕಿಂಗ್ ಗೆರೆ ಎರಡನ್ನೂ ಮೂಡಿಸಿ, ಪಕ್ಕದಲ್ಲಿ ಬೋಲ್ಟಿನ ಅಳತೆ, ಆಯಿಲೋ ನೀರೋ, ಎಂಜಿನ್ನಿನ ಯಾವ ಬದಿ ಎಂದು ಬರೆದಿಡುತ್ತೇನೆ. ಈ ಲಾರಿಗೆ ಹದಿನಾಲ್ಕು ರಟ್ಟು ಆದವು. ಗುಜರಿಯಲ್ಲಿ ಹೆಸರು ಹೇಳಿ ಕೇಳಿದರೆ ಅವರಿಗೆ ತೋಚಿದ್ದನ್ನು ಕೊಡುತ್ತಾರೆ. ರಟ್ಟನ್ನು ರಾಶಿಯ ಮೇಲಿಟ್ಟು ನೋಡಿದರೆ ಕೂರುವುದು ಕೂರುತ್ತದೆ, ಕೂರದ್ದು ಕೂರುವುದಿಲ್ಲ. ನನ್ನದು ಟಾಟಾ 497 ಎಂಜಿನ್. ಒಬ್ಬರು ಟಾಟಾದ್ದೇ ಇನ್ನೊಂದು ಎಂಜಿನ್ 697ರ ಕವರ್ ತೋರಿಸಿ, “ಎರಡಕ್ಕೂ ಬೋರ್ ಒಂದೇ ಅಣ್ಣ, ಧಾರಾಳವಾಗಿ ಹಾಕಿ” ಎಂದರು. ಬೋರ್, ಅಂದರೆ ಸಿಲಿಂಡರಿನ ಒಳಗಲ, ಒಂದೇ ಎನ್ನುವುದು ನಿಜ, ಹೆಸರಲ್ಲೇ ಇದೆ: 497 ಎಂದರೆ ನಾಲ್ಕು ಸಿಲಿಂಡರ್, 97 ಮಿಲಿಮೀಟರ್, 697 ಎಂದರೆ ಆರು, ಅದೇ 97. ಆದರೆ ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, ಒಂದರದು 100, ಇನ್ನೊಂದರದು 128. ಬ್ಲಾಕೇ, ಅಂದರೆ ಸಿಲಿಂಡರುಗಳಿರುವ ಎರಕವೇ ಬೇರೆ. ರಟ್ಟು ಇಟ್ಟು ತೋರಿಸಿದೆ, ಸುಮ್ಮನಾದರು.

ಇಷ್ಟೆಲ್ಲ ಮಾಡಿಯೂ ಒಂದು ಕಡೆ ಎಡವಿದೆ. ಬ್ಲಾಕಿನಿಂದ ಹೊರಟ ಬೆರಳು ಗಾತ್ರಕ್ಕಿಂತ ಸಣ್ಣ ಆಯಿಲ್ ಪೈಪೊಂದನ್ನು ಯಾರೋ ಜಜ್ಜಿ ಮಡಚಿದ್ದರು. ಎಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ಚೇಂಬರಿನ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ನಿಪ್ಪಲ್ (ಪೈಪು ಸಿಕ್ಕಿಸುವ ಮೂತಿ) ಇತ್ತು, ಅದಕ್ಕೆ ಮರದ ಬಿರಡೆ, ಮೇಲೆ ಎಂ-ಸೀಲ್. ಸಣ್ಣದರಲ್ಲಿ ಆಯಿಲ್ ಹೋಗುತ್ತದೆ, ದಪ್ಪದರಲ್ಲಿ ವಾಪಸ್ ಬರುತ್ತದೆ ಎಂದು ತಿಳಿಯಿತು. ಅನುಭವಸ್ಥರೊಬ್ಬರು ಬಗ್ಗಿ ನೋಡಿ, “ಇದು ಟರ್ಬೊ ಬಿಚ್ಚಿದ ಎಂಜಿನ್” ಎಂದರು. ಟರ್ಬೊ ಎಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ, ಅದಕ್ಕೂ ಆಯಿಲ್ ಹೋಗಿ ಬರಬೇಕು. ನಂಬಿದೆ. ಏಳು ಸಾವಿರ ಕೊಟ್ಟು ಹಳೆಯ ಟರ್ಬೊ ತಂದೆ. ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಅದು ಕೂರುವ ಜಾಗವೇ ಇರಲಿಲ್ಲ. ಇದನ್ನು ಕೊಳ್ಳುವ ಮೊದಲೇ ನೋಡಬೇಕಿತ್ತು. ಹಿಂದಿರುಗಿಸಿದಾಗ ಎರಡೂವರೆ ಸಾವಿರ ಕೈಗೆ ಬಂತು.

ಉತ್ತರ ಸಿಕ್ಕಿದ್ದು ಎಂಜಿನ್ನಿನಲ್ಲಲ್ಲ, ಚಾಸಿಯಲ್ಲಿ. ಬ್ರೇಕ್ ಒತ್ತಲು ಬಲ ಕೊಡುವ ಬೂಸ್ಟರಿನಿಂದ ಹೊರಟ ರಬ್ಬರ್ ಪೈಪಿನ ತುದಿಯನ್ನು ತಂತಿಯಲ್ಲಿ ಬಿಗಿದು ಚಾನಲ್ ಒಳಗೆ ತುರುಕಿದ್ದರು. ಬೂಸ್ಟರ್ ಕೆಲಸ ಮಾಡುವುದು ವ್ಯಾಕ್ಯೂಮ್‌ನಿಂದ, ಅಂದರೆ ಅದರೊಳಗಿನ ಗಾಳಿಯನ್ನು ಯಾವುದೋ ಎಳೆಯುತ್ತಿರಬೇಕು. ಡೀಸೆಲ್ ಎಂಜಿನ್ನಿಗೆ ಗಾಳಿ ಒಳಹೋಗುವ ಮ್ಯಾನಿಫೋಲ್ಡಿನಲ್ಲಿ ಬೂಸ್ಟರ್‌ಗೆ ಸಾಲುವಷ್ಟು ವ್ಯಾಕ್ಯೂಮ್ ಇರುವುದಿಲ್ಲ. ಹಾಗಾದರೆ ಗಾಳಿ ಎಳೆಯುತ್ತಿದ್ದದ್ದು ಏನು? ಆಗ ಕಣ್ಣು ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಕಡೆ ಹೋಯಿತು. ಕಬ್ಬಿಣದ ಪಟ್ಟಿ ಬಗ್ಗಿಸಿ ಯಾವುದೋ ಕಾರಿನ ಡೈನಮೊ ಕೂರಿಸಿದ್ದರು, ಬೆಲ್ಟು ಓರೆಯಾಗಿ ಓಡಿ ಒಂದೇ ಅಂಚು ಸವೆದಿತ್ತು. ಮೂಲದಲ್ಲಿ ಅಲ್ಲಿದ್ದದ್ದು ಹಿಂಬದಿಯಲ್ಲಿ ವ್ಯಾಕ್ಯೂಮ್ ಪಂಪ್ ಇರುವ ಆಲ್ಟರ್ನೇಟರ್. ಜಜ್ಜಿದ ಸಣ್ಣ ಪೈಪು ಆ ಪಂಪಿಗೆ ಆಯಿಲ್ ಕೊಡುತ್ತಿತ್ತು, ಬಿರಡೆ ಹೊಡೆದ ನಿಪ್ಪಲ್ ಅದನ್ನು ಚೇಂಬರಿಗೆ ವಾಪಸ್ ತರುತ್ತಿತ್ತು. ಹಿಂದಿನವರು ಬೂಸ್ಟರ್ ಇಲ್ಲದೆಯೇ ಆ ತೋಟದ ಇಳಿಜಾರಿನಲ್ಲಿ ಲಾರಿ ಓಡಿಸಿದ್ದಾರೆ. ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹಾಸನದ ಗುಜರಿಯೊಂದರಲ್ಲಿ 3,200ಕ್ಕೆ ಪಂಪಿರುವ ಆಲ್ಟರ್ನೇಟರ್ ಸಿಕ್ಕಿತು, ರಟ್ಟಿನ ಮೇಲೆ ಮೂರೂ ತೂತು ಕೂತವು. ಯಾವ ಗುಜರಿ ಎಂದು ಹೇಳುವುದಿಲ್ಲ, ಅಲ್ಲಿ ಇನ್ನೂ ನನಗೆ ಬೇಕಾದ ಸಾಮಾನಿದೆ. ಪಂಪಿನೊಳಗಿನ ವೇನ್ (ರೆಕ್ಕೆ) ಬದಲಿಸಿ, ಪೈಪು ಮಾಡಿಸಿ, ವ್ಯಾಕ್ಯೂಮ್ ಗೇಜ್ ಕಟ್ಟಿ ನೋಡಿದರೆ ಪಾದರಸದ ಲೆಕ್ಕದಲ್ಲಿ 580 ಮಿಲಿಮೀಟರ್ ಆಸುಪಾಸಿಗೆ ಮುಳ್ಳು ನಿಂತಿತು. ಮಂಗಳೂರಿನ ಸ್ನೇಹಿತರು 650 ಬರಬೇಕು, ಪಂಪ್ ಸವೆದಿದೆ ಎಂದರು. ನನಗೆ ಒಪ್ಪಿಗೆಯಾಗಲಿಲ್ಲ. ನಮ್ಮ ಊರು ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡವೇ ಕಡಿಮೆ, ಅದಕ್ಕೇ ಮುಳ್ಳೂ ಕಡಿಮೆ ತೋರಿಸುತ್ತದೆ. ಗೇಜನ್ನು ಹಾಗೆಯೇ ಬಿಟ್ಟು ಚಾರ್ಮಾಡಿ ಘಾಟಿ ಇಳಿದೆ. ಉಜಿರೆಯಲ್ಲಿ ನಿಲ್ಲಿಸಿ ನೋಡಿದಾಗ ಮುಳ್ಳು ಸುಮಾರು 650ರಲ್ಲಿತ್ತು. ಒಂದು ದಿನ, ಒಂದಿಷ್ಟು ಡೀಸೆಲ್ ಖರ್ಚಾಯಿತು, ಆದರೆ ಹೊಸ ಪಂಪಿನ ದುಡ್ಡು ಉಳಿಯಿತು.

ಗೋಣಿಚೀಲದ ಕಥೆ ಚಿಕ್ಕದು. ಅದರೊಳಗೆ ನಡುವೆ ತೂತಿರುವ ಬೋಲ್ಟೊಂದಿತ್ತು. ಅಲ್ಲಾಡಿಸಿದರೆ ಒಳಗೆ ಏನೋ ಸದ್ದು, ಕಡ್ಡಿ ಹಾಕಿದರೆ ಸ್ಪ್ರಿಂಗು ಒತ್ತಿತು. ಅದು ಡೀಸೆಲ್ ಪಂಪಿನ ಓವರ್‌ಫ್ಲೋ ವಾಲ್ವ್. ಪಂಪಿನೊಳಗೆ ಡೀಸೆಲ್ ತುಂಬಿ ನಿಲ್ಲುವ ಗ್ಯಾಲರಿಯಲ್ಲಿ ಒಂದು, ಒಂದೂವರೆ ಬಾರ್ ಒತ್ತಡ ಹಿಡಿದಿಡುವುದು ಅದೇ. ಅದರ ಜಾಗದಲ್ಲಿ ಯಾರೋ ಸ್ಪ್ರಿಂಗಿಲ್ಲದೆ ಬರೀ ತೂತಿರುವ ಸಾದಾ ಬ್ಯಾಂಜೋ ಬೋಲ್ಟ್ ಹಾಕಿದ್ದರಿಂದ ಡೀಸೆಲ್ ನೇರವಾಗಿ ಟ್ಯಾಂಕಿಗೆ ಹೋಗುತ್ತಿತ್ತು, ಬಿಸಿಯಾದ ಮೇಲೆ ಎಂಜಿನ್ ಎಳೆಯುತ್ತಿರಲಿಲ್ಲ. ಪಂಪ್ ಪೂರ್ತಿ ಬಿಚ್ಚಿಸಲು ಹನ್ನೆರಡು ಸಾವಿರ ಹೇಳಿದ್ದರು. ನನಗೆ ಖರ್ಚಾದದ್ದು ಎರಡು ತಾಮ್ರದ ವಾಷರ್. ಎಂಜಿನ್ನಿನ ನೀರಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಕೂಡ ಇರಲಿಲ್ಲ, ಅದು ಕೂರುವ ಹೌಸಿಂಗಿನ ಒಳಗಿನ ಮೆಟ್ಟಿಲು ನೋಡಿದ ಕೂಡಲೇ ಗೊತ್ತಾಯಿತು, ಹೊಸದು ಹಾಕಿದೆ.

ಟಾಟಾ ಭಾಗದ ಸಂಖ್ಯೆ ಪೂರ್ತಿ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಹನ್ನೆರಡು ಅಂಕಿಗಳಲ್ಲಿ ಐದು ಮತ್ತು ಆರನೆಯದನ್ನು ನೋಡಿ: 07 ಇದ್ದರೆ ಡೀಸೆಲ್ ಕಡೆಯದು, 15 ವಿದ್ಯುತ್ತು, 18 ಆಯಿಲ್, 20 ನೀರು. ಎರಕದ ಮೇಲೆ ಸವೆದುಹೋದ ಅಂಕಿ ಓದಲು ಸೀಮೆಸುಣ್ಣ ಎಲ್ಲರೂ ಹಚ್ಚುತ್ತಾರೆ. ನಾನು ಹಚ್ಚುವುದು ಬೇರೆ, ಅದು ಸದ್ಯ ನನ್ನಲ್ಲೇ ಇರಲಿ.

ಒಟ್ಟು ಎಂಜಿನ್ನಿಗೆ ಬಿದ್ದದ್ದು ಟರ್ಬೊ ನಷ್ಟವೂ ಸೇರಿ 36–38 ಸಾವಿರ, ಸುಮಾರು ನಲವತ್ತು ದಿನ. ಹದಿನಾಲ್ಕು ರಟ್ಟುಗಳಲ್ಲಿ ಹದಿಮೂರಕ್ಕೆ ಭಾಗ ಸಿಕ್ಕಿದೆ. ಉಳಿದ ಒಂದರಲ್ಲಿ 8 ಮಿಲಿಮೀಟರಿನ ಎರಡು ತೂತು, ಅಂಗೈಯಗಲದ ಹೊಳಪು, ಆಯಿಲೂ ಇಲ್ಲ ನೀರೂ ಇಲ್ಲ. ಏನನ್ನೋ ಹಿಡಿದಿಡುವ ಬ್ರಾಕೆಟ್ ಇರಬೇಕು. ಲಾರಿ ಅದಿಲ್ಲದೆಯೇ ಓಡುತ್ತಿದೆ, ಆದರೂ ಹಾಸನಕ್ಕೆ ಹೋಗುವಾಗಲೆಲ್ಲ ಆ ರಟ್ಟನ್ನು ಸೀಟಿನ ಹಿಂದೆ ಇಟ್ಟುಕೊಂಡೇ ಹೋಗುತ್ತೇನೆ.