ಕಥೆಯ ಊರು ಸುಮ್ನೆ ಕೂರಬಾರದು

ಮೂಡಿಗೆರೆ ಹತ್ತಿರ ನಮ್ಮೂರು. ಭಾನುವಾರ ಬೆಳಗ್ಗೆ ಏಳೆಂಟು ಮಕ್ಕಳು ನಮ್ಮ ಜಗಲಿಗೆ ಬರುತ್ತಾರೆ. ಅವರಿಗೆ ಕಥೆ ಬರೆಯುವುದನ್ನು ಹೇಳಿಕೊಡುತ್ತೇನೆ. ಹೆಚ್ಚಿನವರ ಮೊದಲ ಸಾಲು ಒಂದೇ ಥರ: ಸುತ್ತಲೂ ಹಸಿರು ಬೆಟ್ಟ, ಮಂಜು, ತಂಪು ಗಾಳಿ. ಆಮೇಲೆ ಆ ಬೆಟ್ಟ ಕಥೆಯಲ್ಲಿ ಮತ್ತೆ ಬರುವುದೇ ಇಲ್ಲ. ಬೆಟ್ಟದ ಬದಲು ಮೈಸೂರಿನ ಬಸ್ ಸ್ಟ್ಯಾಂಡ್ ಇಟ್ಟರೂ ನಡೆಯುತ್ತದೆ, ಅಲ್ವಾ? ಹಾಗಿದ್ದರೆ ಆ ಸಾಲು ಹೊಡೆದುಹಾಕಿ ಎನ್ನುತ್ತೇನೆ.

ಮೊದಲು ಇದನ್ನು ಕೇಳಿಕೊಳ್ಳಿ: ಈ ಜಾಗದಲ್ಲಿ, ಈ ತಿಂಗಳಲ್ಲಿ ಜನ ಯಾವುದಕ್ಕೆ ಕಾಯುತ್ತಿದ್ದಾರೆ?

ಮಾರ್ಚ್ ತಿಂಗಳನ್ನೇ ತಗೊಳ್ಳಿ. ಕಾಫಿ ಗಿಡದಲ್ಲಿ ಮೊಗ್ಗು ಕಾದು ನಿಂತಿರುತ್ತದೆ. ಮೊಗ್ಗು ಅರಳಿಸುವ ಹೂಮಳೆ ಬಿದ್ದರೆ 8-9 ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಪರಿಮಳ. ಆಮೇಲೆ 2-3 ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಟ್ಟುವುದಿಲ್ಲ. ಮಳೆ ಕೈಕೊಟ್ಟರೆ ರೊಬಸ್ಟಾ ಎಂಬ ಜಾತಿಯ ಕಾಫಿ ಬೆಳೆಯುವವರು ಹಳ್ಳದಿಂದ ನೀರೆತ್ತಿ ಸ್ಪ್ರಿಂಕ್ಲರ್ ಹಾಕುತ್ತಾರೆ. ಅಷ್ಟು ಹೊತ್ತಿಗೆ ಹಳ್ಳದ ನೀರೂ ಇಳಿದಿರುತ್ತದೆ.

ಈಗ ಆ ಹಳ್ಳದ ಮೇಲ್ಗಡೆ ಅಣ್ಣನ ತೋಟ, ಕೆಳಗಡೆ ತಮ್ಮನ ತೋಟ ಇಡಿ. ರಾತ್ರಿ ಮೇಲಿನಿಂದ ಪಂಪಿನ ಸದ್ದು ಬರಲಿ. ಕಥೆ ಹೊರಟಿತು! ಜಗಳವನ್ನು ಹುಡುಕಿಕೊಂಡು ನೀವು ಎಲ್ಲಿಗೂ ಹೋಗಬೇಕಾಗಲಿಲ್ಲ.

ಜಾಗವನ್ನು ವರ್ಣಿಸಲು ಬೇರೆ ಪ್ಯಾರಾ ಬೇಡ. ಹೋದ ವರ್ಷ ಒಬ್ಬ ಹುಡುಗಿ ಬರೆದಳು: ‘ಹೂವಿನ ವಾಸನೆ ಅಣ್ಣನ ತೋಟದಿಂದ ಬರುತ್ತಿತ್ತು. ತನ್ನ ಗಿಡದಲ್ಲಿ ಇನ್ನೂ ಮೊಗ್ಗು.’ ಊರು, ತಿಂಗಳು, ಹೊಟ್ಟೆಕಿಚ್ಚು ಎಲ್ಲ ಅಷ್ಟರಲ್ಲೇ ಬಂತು. ನನಗೆ ಎಷ್ಟು ಖುಷಿಯಾಯಿತೆಂದರೆ ಎರಡು ಸಲ ಗಟ್ಟಿಯಾಗಿ ಓದಿಸಿದೆ.

ಘಟನೆ ಜೋಡಿಸುವಾಗ ‘ಆಮೇಲೆ’ ಬಿಟ್ಟು ‘ಅದಕ್ಕೇ’ ಹಾಕಿ ನೋಡಿ. ಹಳ್ಳ ಬತ್ತಿತು, ಅದಕ್ಕೇ ತಮ್ಮ ಅಣ್ಣನ ಮನೆಗೆ ಹತ್ತಿದ. ಅತ್ತಿಗೆ ನಗುತ್ತಾ ಕಾಫಿ ತಂದಿಟ್ಟರು, ಅದಕ್ಕೇ ಅವನಿಗೆ ಬಾಯಿ ಬರಲಿಲ್ಲ. ಬಾಯಿ ಬರಲಿಲ್ಲ, ಅದಕ್ಕೇ ರಾತ್ರಿ ಕತ್ತಿ ಹಿಡಿದು ಹೋಗಿ ಪೈಪು ಕಡಿದ. ‘ಅದಕ್ಕೇ’ ಕೂರದ ಕಡೆ ಏನೋ ಬಿಟ್ಟುಹೋಗಿದೆ ಎಂದು ತಿಳಿಯಿರಿ.

ಕೊನೆ ಮಾತ್ರ ಎಲ್ಲರಿಗೂ ಕಷ್ಟ. ಮಕ್ಕಳು ಮಳೆ ಸುರಿಸಿ ಅಣ್ಣ ತಮ್ಮನನ್ನು ಒಂದು ಮಾಡುತ್ತಾರೆ. ಪೈಪು ಕಡಿಯುವ ಮುಂಚೆ ಮಳೆ ಬಂದರೆ ತಮ್ಮ ಏನನ್ನೂ ಮಾಡಬೇಕಾಗಿಲ್ಲ, ಕಥೆ ಅಲ್ಲೇ ಸತ್ತುಹೋಗುತ್ತದೆ. ಕಡಿದ ಮಾರನೇ ಸಂಜೆ ಬರಲಿ. ಇಬ್ಬರ ತೋಟದ ಮೇಲೂ ಒಂದೇ ಸಮ ಸುರಿಯಲಿ. ಆಗ ತಮ್ಮ ಎಲ್ಲಿ ನಿಂತಿದ್ದ, ಕೈಯಲ್ಲಿ ಏನಿತ್ತು, ಅದನ್ನು ಬರೆದು ಪೆನ್ನು ಕೆಳಗಿಡಿ.